ಸೋಸಿ ಕೊಟ್ಟ ಹೊಳೆನೀರು

ಕೊಳಕನ್ನು ಇದ್ದ ಹಾಗೆಯೇ ಎತ್ತಿ ಹೊರಗಿನವರ ಕೈಗೆ ಕೊಡುವುದು ಹೆಂಗಸರಿಂದ ಆಗುವ ಕೆಲಸವಲ್ಲ ಎಂದು ನನಗೆ ಈ ಪ್ರಾಯದಲ್ಲಿ ಗೊತ್ತಾಗಿದೆ. ದರ್ಜಿಗೆ ಹರಿದ ರವಕೆ ಕೊಡುವುದಿದ್ದರೆ ಒಗೆದು ಕೊಡುತ್ತೇವೆ. ಸುಣ್ಣ ಬಳಿಯುವವರು ಬರುತ್ತಾರೆಂದರೆ ಹಿಂದಿನ ದಿನ ಗೋಡೆ ಒರೆಸಿ ಇಡುತ್ತೇವೆ. ಒಮ್ಮೆ ನನ್ನ ಕಾಲಿನ ಹುಣ್ಣು ಕೀವಾಗಿತ್ತು. ಡಾಕ್ಟರರಲ್ಲಿಗೆ ಹೋಗುವ ಮೊದಲು ಅದನ್ನು ಬಿಸಿನೀರಿನಲ್ಲಿ ತೊಳೆದು, ಅರಸಿನ ಹಚ್ಚಿ, ಮೇಲಿನಿಂದ ಪೌಡರು ಹಾಕಿಕೊಂಡು ಹೋಗಿದ್ದೆ. ಹುಣ್ಣು ಎಲ್ಲಿ ಎಂದು ಅವರು ನನ್ನನ್ನೇ ಕೇಳಿದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬುದ್ಧಿ ಇದು ಎಂದು ನೀವು ನಗಬೇಕಾಗಿಲ್ಲ. ನನ್ನ ಸೊಸೆ ಬಿ.ಎ. ಓದಿದವಳು. ಕಸದ ಡಬ್ಬಿಯನ್ನು ತೊಳೆದು ಒಣಗಿಸಿ, ಅಷ್ಟು ಚೆಂದದ ಡಬ್ಬಿಗೆ ಕಸ ಹಾಕಲು ಮನಸ್ಸು ಬಾರದೆ, ಕಸವನ್ನು ಅದರ ಪಕ್ಕದಲ್ಲಿ ಇಡುತ್ತಾಳೆ.

ನಮ್ಮ ಮನೆ ಫರಂಗಿಪೇಟೆಯಲ್ಲಿ, ಹೆದ್ದಾರಿಯಿಂದ ಕೆಳಗೆ ಇಳಿದರೆ ನೇತ್ರಾವತಿಯ ದಡದಲ್ಲಿ. ಹಿತ್ತಿಲಿನ ಮೆಟ್ಟಿಲು ಇಳಿದರೆ ಹೊಳೆ, ಹೊಳೆಯ ಅಂಚಿನಲ್ಲಿ ನಮ್ಮೆಲ್ಲರ ಒಗೆಯುವ ಕಲ್ಲುಗಳು. ಮದುವೆಯಾಗಿ ಬಂದಾಗ ನಾವು ಬಟ್ಟೆ ಒಗೆಯುತ್ತಿದ್ದದ್ದು ಅಂಟುವಾಳದ ಕಾಯಿಯಲ್ಲಿ. ಆಮೇಲೆ ಬಾರ್ ಸೋಪು ಬಂತು, ಟಿ.ವಿ. ಬಂದ ಮೇಲೆ ಸೋಪಿನ ಪುಡಿ ಬಂತು. ಒಂದು ಹಿಡಿ ಹಾಕಿದರೆ ಬಕೆಟಿನ ತುಂಬ ನೊರೆ. ನೊರೆ ಹೆಚ್ಚಾದಷ್ಟು ಬಟ್ಟೆ ಬೆಳ್ಳಗಾಗುತ್ತದೆ ಎಂದು ಟಿ.ವಿ.ಯವರು ಹೇಳಿದ್ದನ್ನು ನಾವು ನಂಬಿ ಎರಡು ಹಿಡಿ ಹಾಕುತ್ತಿದ್ದೆವು. ನೊರೆ ಹೊಳೆಯಲ್ಲಿ ತೇಲಿಕೊಂಡು ಪಶ್ಚಿಮಕ್ಕೆ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿದವಳಲ್ಲ.

ಅದು ಹೋಗುತ್ತಿದ್ದದ್ದು ಕಲ್ಯಾಣಿಯ ಹತ್ತಿರಕ್ಕೆ. ಕಲ್ಯಾಣಿ ಅಳಿವೆಯ ಹೆಂಗಸು. ಅಳಿವೆ ಅಂದರೆ ನಮ್ಮ ಹೊಳೆ ಸಮುದ್ರ ಸೇರುವ ಜಾಗ. ಅಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು, ಕಾಲಿನಲ್ಲಿ ಕೆಸರು ತಡವಿ, ಒಳಗಿನ ಮಾಂಸ ತಿನ್ನುವ ಮರುವಾಯಿ ಚಿಪ್ಪುಗಳನ್ನು ಹೆಕ್ಕಿ, ಬುಟ್ಟಿ ತುಂಬಿಸಿ, ಬಸ್ಸು ಹತ್ತಿ ನಮ್ಮಲ್ಲಿಗೆ ತರುತ್ತಿದ್ದಳು. ನನಗೂ ಅವಳಿಗೂ ಪ್ರತಿ ಸಲ ಜಗಳ. ಚಿಪ್ಪು ಸಣ್ಣದಾಯಿತೆಂದು ನಾನು ಹೇಳುವುದು, ಬಾಯಿ ದೊಡ್ಡದಾಯಿತೆಂದು ಅವಳು ಹೇಳುವುದು. ಜಗಳ ಮುಗಿದ ಮೇಲೆ ಅವಳು ನಮ್ಮ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುವುದು. ಇದನ್ನು ಸ್ನೇಹ ಎನ್ನುತ್ತಾರೋ ಏನೋ, ನಾವು ಅದಕ್ಕೆ ಹೆಸರು ಇಟ್ಟಿರಲಿಲ್ಲ.

ಒಂದು ವರ್ಷ ಮಳೆಗಾಲ ಕಳೆದು ಬಿಸಿಲು ಬಿದ್ದ ಕೂಡಲೇ ಅಳಿವೆಯ ನೀರು ಅಲ್ಲಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿತಂತೆ. ಮೀನು ಸತ್ತು ದಡಕ್ಕೆ ಬಿದ್ದವು. ಮರುವಾಯಿ ತಿಂದ ಒಂದು ಮನೆಯವರು ಆಸ್ಪತ್ರೆ ಸೇರಿದರು. ಸುದ್ದಿ ನಮ್ಮ ಒಗೆಯುವ ಕಲ್ಲಿಗೆ ಬರುವಷ್ಟರಲ್ಲಿ ಒಂದು ಮನೆ ಇಡೀ ಊರಾಗಿತ್ತು. ಕಲ್ಯಾಣಿಯ ಮರುವಾಯಿಯನ್ನು ಯಾರೂ ಮುಟ್ಟಲಿಲ್ಲ. ಅವಳು ಬರುವುದೇ ನಿಂತಿತು. ಒಂದು ದಿನ ಬರಿಗೈಯಲ್ಲಿ ಬಂದು ಜಗಲಿಯಲ್ಲಿ ಕೂತಳು. ಯಾರದಾದರೂ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸವಾದರೂ ಮಾಡಬಾರದೇ ಎಂದು ನಾನು ಕೇಳಿದೆ.

"ಮಾಡ್ಬಹುದು ಅಕ್ಕ," ಎಂದಳು. "ಆದ್ರೆ ತಲೆ ಮೇಲೆ ಬುಟ್ಟಿ ಇಲ್ಲದಿದ್ರೆ ನನಗೆ ದಾರಿಯೇ ಗೊತ್ತಾಗುದಿಲ್ಲ. ಇವತ್ತು ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ."

ನಾನು ಕಣ್ಣೀರು ಹಾಕುವವಳಲ್ಲ. ಅವಳಿಗೆ ಎರಡು ಮಾತು ಬೈದು ಊಟ ಹಾಕಿದೆ.

ಆ ಸಮಯಕ್ಕೇ ಮಿಜಾರಿನ ಕಡೆಯ ಕಾಲೇಜೊಂದರಿಂದ ಸಣ್ಣ ಪ್ರಾಯದ ಒಬ್ಬ ಮೇಡಂ ನಮ್ಮ ಮಹಿಳಾ ಮಂಡಲಕ್ಕೆ ಬಂದರು. ಅಳಿವೆಯ ಮೀನುಗಾರರೂ ಅವರ ಕಾಲೇಜಿನವರೂ ಸೇರಿ ಇದರ ಮೂಲ ಹುಡುಕಲು ಹೊರಟಿದ್ದರಂತೆ. ಮೇಡಂ ವಿವರಿಸಿ ಹೇಳಿದರು: ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಉಂಟು. ತೋಟದ ಗೊಬ್ಬರ, ಸೋಪಿನ ಪುಡಿ ಎಲ್ಲ ಹೊಳೆಯಲ್ಲಿ ಹರಿದು ಹೋದರೆ ಅದಕ್ಕೆ ಹಬ್ಬದ ಊಟ. ತಿಂದು ತಿಂದು ಹೆಚ್ಚುತ್ತದೆ. ಅದರಲ್ಲಿ ಕೆಲವು ಜಾತಿ ವಿಷದ್ದು. ಮರುವಾಯಿ ಆ ನೀರನ್ನೇ ಕುಡಿದು ವಿಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ತಿಂದವರಿಗೆ ಮೊದಲು ತುಟಿ ಜೋಮು ಹಿಡಿಯುತ್ತದೆ, ಮಾತು ತೊದಲುತ್ತದೆ. ಇಷ್ಟು ಹೇಳಿ ನಮಗೆಲ್ಲ ಒಂದೊಂದು ಬಾಟಲಿ ಕೊಟ್ಟು, ನಿಮ್ಮ ನಿಮ್ಮ ಕಲ್ಲಿನ ಹತ್ತಿರದ ನೀರು ತುಂಬಿಸಿ ಇಡಿ, ನಾಳೆ ಬಂದು ಒಯ್ಯುತ್ತೇನೆ ಎಂದರು.

ನಾನು ಬಾಟಲಿ ಮುಳುಗಿಸಿ ಎತ್ತಿ ನೋಡಿದೆ. ಒಳಗೆ ಒಂದು ಹಸಿರು ಎಳೆ, ಎರಡು ಹುಳ, ಯಾರದೋ ತಲೆಗೂದಲು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು ರೂಢಿಯಾದ ಕೈ ನಮ್ಮದು. ಕಾಲೇಜಿನ ಹೆಣ್ಣುಮಗಳಿಗೆ ಇಂಥ ನೀರು ಕೊಡುವುದೇ? ಒಗೆದು ಒಣಹಾಕಿದ್ದ, ಮೈ ಒರೆಸುವ ಬೈರಾಸು ತೆಗೆದು ಅದರಲ್ಲಿ ಎರಡು ಸಲ ಸೋಸಿ, ಬಾಟಲಿಯ ಹೊರಗನ್ನೂ ಒರೆಸಿ ಇಟ್ಟೆ. ಮರುದಿನ ಮೇಡಂ ಎಲ್ಲರ ಬಾಟಲಿಗಳನ್ನು ಸಂತೋಷದಿಂದ ತೆಗೆದುಕೊಂಡು ಹೋದರು. ಹದಿನೈದು ದಿವಸ ಬಿಟ್ಟು ಸಪ್ಪೆ ಮುಖ ಮಾಡಿಕೊಂಡು ಬಂದರು. ಕಲ್ಯಾಣಿಯೂ ಆ ದಿನ ಏನಾಯಿತೆಂದು ಕೇಳಲು ಬಂದಿದ್ದಳು.

ನಮ್ಮ ಹೊಳೆಯ ನೀರಿನಲ್ಲಿ ಪಾಚಿಯೂ ಇಲ್ಲ, ಸೋಪೂ ಇಲ್ಲ, ಇಂಥ ಹೊಳೆ ದೇಶದಲ್ಲೇ ಇರಲಿಕ್ಕಿಲ್ಲ ಎಂದರು ಮೇಡಂ. ಒಂದು ಬಾಟಲಿಯಲ್ಲಿ ಮಾತ್ರ ಸೋಪಿನ ಕಾರ್ಖಾನೆ ಇದ್ದಷ್ಟು ಸೋಪು. ಆ ಬಾಟಲಿ ನನ್ನದು. ಪುಡಿಯಲ್ಲಿ ಒಗೆದು ಅರ್ಧ ಹಿಂಡಿದ ಬೈರಾಸಿನ ಮಹಿಮೆ ಅದು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲರೂ ನನ್ನನ್ನು ನೋಡಿ ನಗಲು ಶುರು ಮಾಡಿದಾಗ ನಾನು ಬಿಡಲಿಲ್ಲ. ನಿಮ್ಮದು ಹೇಗೆ ಅಷ್ಟು ಶುದ್ಧ ಎಂದು ಕೇಳಿದೆ. ಬಗಲಿನ ಮನೆಯ ಐಸಮ್ಮ ಮೆಲ್ಲಗೆ ಬಾಯಿ ಬಿಟ್ಟಳು. ಅವಳು ಯಾರೂ ಒಗೆಯುವ ಮೊದಲೇ ನಡುಹೊಳೆಯ ನೀರು ತಂದು, ಕುದಿಸಿ ಆರಿಸಿ ಕೊಟ್ಟಿದ್ದಳು. ಆಚೆಮನೆಯ ಸುಂದರಿ ಹೊಳೆಗೆ ಇಳಿಯಲೇ ಇಲ್ಲವಂತೆ, ಬಾವಿಯ ನೀರು ತುಂಬಿಸಿದ್ದಳು. ಉಳಿದವರದ್ದೂ ಹೀಗೆಯೇ. ಇದ್ದ ಹಾಗೆ ಕೊಟ್ಟವಳು ಒಬ್ಬಳೂ ಇಲ್ಲ.

ಮೇಡಂ ತಲೆಗೆ ಕೈ ಇಟ್ಟು ನಕ್ಕರು. ನಾವೂ ನಕ್ಕೆವು. ಕಲ್ಯಾಣಿ ಮಾತ್ರ ನಗಲಿಲ್ಲ.

"ನಿಮ್ಮ ಮರ್ಯಾದೆ ಉಳಿಯಿತು," ಎಂದಳು. "ನನ್ನ ಬುಟ್ಟಿ ಕವುಚಿಯೇ ಉಂಟು."

ಎಲ್ಲರೂ ಎದ್ದು ಹೊಳೆಗೆ ಇಳಿದೆವು. ಒಬ್ಬರು ಬಾಟಲಿ ಮುಳುಗಿಸುವಾಗ ಇನ್ನೊಬ್ಬರು ಕಾವಲು. ನನ್ನ ಬಾಟಲಿಯೊಳಗೆ ಒಂದು ಒಣ ಎಲೆ ಬಂತು. ಕೈ ತನ್ನಷ್ಟಕ್ಕೆ ಅದನ್ನು ತೆಗೆಯಲು ಹೋಯಿತು. ಕಲ್ಯಾಣಿ ನನ್ನ ಕೈಗೆ ಒಂದು ಪೆಟ್ಟು ಕೊಟ್ಟಳು.

ಈ ಸಲ ಬಂದ ಲೆಕ್ಕ ಸರಿಯಾಗಿತ್ತು, ಅಂದರೆ ನಮಗೆ ನಾಚಿಕೆಯಾಗುವಷ್ಟು ಕೆಟ್ಟದಾಗಿತ್ತು. ಕಲ್ಲುಗಳನ್ನು ಹೊಳೆಯಿಂದ ಮೇಲೆ ತಂದು ತೆಂಗಿನ ಬುಡಕ್ಕೆ ಹಾಕಬೇಕು, ಒಗೆದ ನೀರು ಮಣ್ಣಿಗೆ ಇಂಗಬೇಕು, ಪುಡಿ ಬಿಡಬೇಕು ಎಂದು ಮೇಡಂ ಹೇಳಿದರು. ಹೊಳೆಯ ಮೇಲ್ಗಡೆ ಘಟ್ಟದ ಬುಡದ ನೆರಿಯದವರೆಗೂ ಹೋಗಿ, ಮಳೆ ಬರುವ ಮುಂಚೆ ಗೊಬ್ಬರ ಸುರಿಯಬೇಡಿ ಎಂದು ತೋಟದವರಿಗೂ ಹೇಳಿದ್ದರಂತೆ. ಪುಡಿ ಬಿಡುವುದು ನನಗೆ ಕಷ್ಟವಾಗಲಿಲ್ಲ. ಕಲ್ಲು ಬಿಡುವುದು ಕಷ್ಟ. ಹೊಳೆಯ ಬದಿಯಲ್ಲಿ ಎಲ್ಲರೂ ಒಟ್ಟಿಗೆ ಒಗೆಯುತ್ತಿದ್ದೆವು, ಊರಿನ ಸುದ್ದಿಯೆಲ್ಲ ಅಲ್ಲಿಯೇ ಸಿಗುತ್ತಿತ್ತು. ಅವರವರ ತೆಂಗಿನ ಬುಡದಲ್ಲಿ ಅವರವರು ಒಗೆದರೆ ಮಾತಾಡುವುದು ಯಾರೊಟ್ಟಿಗೆ, ತೆಂಗಿನ ಮರದೊಟ್ಟಿಗೆಯೇ? ಆದರೂ ಮೊದಲು ನನ್ನ ಕಲ್ಲನ್ನೇ ಎತ್ತಿಸಿದೆ. ಇಲ್ಲದಿದ್ದರೆ ಉಳಿದವರಿಗೆ ಜೋರು ಮಾಡಲು ಆಗುತ್ತಿರಲಿಲ್ಲ.

ಮರುವರ್ಷ ಅಳಿವೆಯ ನೀರು ಕೆಂಪಾದದ್ದು ಸ್ವಲ್ಪವೇ. ಅದು ನಮ್ಮಿಂದಲೋ, ಮಳೆ ತಡವಾಗಿ ಹೋದದ್ದರಿಂದಲೋ ಎಂದು ಮೇಡಂಗೂ ಖಂಡಿತವಾಗಿ ಹೇಳಲಾಗಲಿಲ್ಲ. ಆ ಪ್ರಾಮಾಣಿಕತನ ನನಗೆ ಹಿಡಿಸಿತು. ಮರುವಾಯಿಯನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿ, ಕೊನೆಗೆ ಈಗ ತಿನ್ನಬಹುದು ಎಂದರು. ಕಲ್ಯಾಣಿ ಬುಟ್ಟಿ ಹೊತ್ತುಕೊಂಡು ಬಂದಳು.

ಎಲ್ಲರೂ ಬಂದು ಬುಟ್ಟಿಯೊಳಗೆ ನೋಡಿದರು, ಯಾರೂ ಕೊಳ್ಳಲಿಲ್ಲ. ಸುಂದರಿಗೆ ಸೋಮವಾರದ ಒಪ್ಪೊತ್ತು. ಐಸಮ್ಮನ ಮನೆಯಲ್ಲಿ ಬೆಳಿಗ್ಗೆಯೇ ಬೇರೆ ಮೀನು ಬಂದಿದೆಯಂತೆ. ಕಲ್ಯಾಣಿ ಬುಟ್ಟಿಯ ಬಾಯಿಗೆ ಮತ್ತೆ ಬಟ್ಟೆ ಮುಚ್ಚುವುದನ್ನು ನೋಡಿ ನನಗೆ ಸಿಟ್ಟು ಬಂತು. ದೊಡ್ಡ ಪಾತ್ರೆ ತಂದು ಮುಂದೆ ಇಟ್ಟೆ, ಈ ಪ್ರಾಯದಲ್ಲಿ ನಾನು ಸತ್ತರೆ ಯಾರಿಗೂ ತೊಂದರೆ ಇಲ್ಲ ಎಂದೆ. ಅಕ್ಕಿಯ ಪುಂಡಿ ಉಂಡೆ ಬೇಯಿಸಿ, ತೆಂಗಿನತುರಿ ಹಾಕಿ ಮರುವಾಯಿಯ ಸುಕ್ಕ ಮಾಡಿ, ಜಗಲಿಯಲ್ಲಿ ಎಲ್ಲರಿಗೂ ಕಾಣುವಂತೆ ಕೂತು ತಿಂದೆ. ಚೆನ್ನಾಗಿತ್ತು. ಚಿಪ್ಪು ಸಣ್ಣದಾಗಿತ್ತು, ಅದನ್ನೂ ಹೇಳಿದೆ.

ಕಲ್ಯಾಣಿ ಹೋಗಲಿಲ್ಲ. ಬಸ್ಸುಗಳು ಒಂದರ ಹಿಂದೆ ಒಂದು ಹೋದವು. ಅವಳು ಕಂಬಕ್ಕೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನು ನೋಡುದು?"

"ಏನಿಲ್ಲ. ಏನಾದ್ರೂ ಮಾತಾಡಿ ಅಕ್ಕ."

ಅವಳಿಗೆ ನನ್ನ ತುಟಿಯ ಚಿಂತೆ. ನಾನು ಮಾತಾಡಿದೆ. ನೆರೆಕರೆಯವರ ಹೆದರಿಕೆ, ಸೊಸೆಯ ಕಸದ ಡಬ್ಬಿ, ಕಲ್ಲು ಮೇಲೆ ಬಂದಂದಿನಿಂದ ಹೊಟ್ಟೆಯಲ್ಲಿ ಉಳಿದಿದ್ದ ಮಾತೆಲ್ಲ ಹೊರಗೆ ಬಂತು. ದೀಪ ಹಚ್ಚುವ ಹೊತ್ತಿನವರೆಗೂ ನಿಲ್ಲಿಸಲಿಲ್ಲ. ಕೊನೆಗೆ ಬೇಲಿಯ ಆಚೆಯಿಂದ ಐಸಮ್ಮ, "ಸಾಕು ಮಾರಾಯ್ತಿ, ಅವಳ ತುಟಿಗೆ ಏನೂ ಆಗ್ಲಿಲ್ಲ, ನೀನು ಮನೆಗೆ ಹೋಗು," ಎಂದು ಕಲ್ಯಾಣಿಗೆ ಹೇಳಿದಳು.

ಮುಂದಿನ ವಾರ ಕಲ್ಯಾಣಿಗಾಗಿ ಕಾದು ಕೂತೆ. ಮಸಾಲೆ ಹುರಿದು, ತೆಂಗಿನಕಾಯಿ ತುರಿದು ಇಟ್ಟಿದ್ದೆ. ಅವಳು ಬರುವಾಗ ಮಧ್ಯಾಹ್ನ ದಾಟಿತ್ತು, ಬುಟ್ಟಿಯಲ್ಲಿ ಒಂದು ಚಿಪ್ಪೂ ಇಲ್ಲ. ನಾನು ಬದುಕಿರುವ ಸುದ್ದಿ ಹೇಗೋ ಪೇಟೆಯೆಲ್ಲ ಹಬ್ಬಿ, ಬಸ್ಸು ಇಳಿಯುವಲ್ಲಿಯೇ ಮುತ್ತಿಕೊಂಡು ಎಲ್ಲ ಖಾಲಿ ಮಾಡಿದ್ದರು. ಖಾಲಿ ಬುಟ್ಟಿ ಹೊತ್ತುಕೊಂಡು ಇಷ್ಟು ದೂರ ಇಳಿದು ಬಂದದ್ದು ಯಾಕೆ, ಅಲ್ಲಿಂದಲೇ ವಾಪಸು ಹೋಗುವ ಬಸ್ಸು ಹಿಡಿಯಬಾರದಿತ್ತೇ ಎಂದು ರೇಗಿದೆ.

"ನಿಮಗೆ ತೋರಿಸ್ಲಿಕ್ಕೆ ಅಕ್ಕ," ಎಂದು ಬುಟ್ಟಿಯನ್ನು ನನ್ನ ಮುಂದೆ ಬಗ್ಗಿಸಿ ಹಿಡಿದಳು.

ಹಿತ್ತಿಲಿನಿಂದ ಬಸಳೆ ಸೊಪ್ಪು ಕೊಯ್ದು ತಂದು, ಆ ಮಸಾಲೆಗೆ ಹಾಕಿ ಇಬ್ಬರೂ ಉಂಡೆವು. ಊರಿಗೆಲ್ಲ ಮರುವಾಯಿ, ಊರಿಗೋಸ್ಕರ ಸಾಯಲು ಕೂತವಳಿಗೆ ಬಸಳೆ. ಬದುಕಿ ಉಳಿದದ್ದರಿಂದ ನನಗೆ ಆದ ನಷ್ಟ ಇದೊಂದೇ.