ಆಡಿನ ಕೊರಳಿಗೆ ಬಿದ್ದ ನನ್ನ ಕರ್ಮ

ಕರ್ಮ, ಧರ್ಮ ಎಂಬೆರಡು ಮಾತುಗಳ ಮೇಲೆ ಮುಕ್ಕಾಲು ಗಂಟೆ ಮಾತಾಡು ಎಂದರೆ ನಾನು ನಿದ್ದೆಯಲ್ಲೂ ಮಾತಾಡಬಲ್ಲೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ಇಳಕಲ್ಲಿನಲ್ಲಿ ನನಗೆ ಬೇರೆ ಉದ್ಯೋಗವೂ ಇಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಶುರುಮಾಡುತ್ತೇನೆ. ಜನ ತಲೆದೂಗುತ್ತಾರೆ, ಕೊನೆಗೊಂದು ಶಾಲು ಹೊದಿಸುತ್ತಾರೆ. ಮನೆಯಲ್ಲಿ ಶಾಲುಗಳು ಹೆಚ್ಚಾಗಿ, ಹೆಂಡತಿ ಈಗ ಅವನ್ನು ಜೋಳದ ಚೀಲಗಳಿಗೆ ಹೊದಿಸುತ್ತಾಳೆ.

ನಮ್ಮ ಓಣಿಯ ಹುಸೇನಸಾಬರು ಸೀರೆ ನೇಯುವವರು. ಬಿಸಿಲೇರುವ ಮೊದಲು ಸೀರೆಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಓಣಿಯುದ್ದಕ್ಕೂ ಬಿಗಿದು ಕಟ್ಟಿ ಗಂಜಿ ಹಚ್ಚುತ್ತಾರೆ. ಆಗ ಗಾಡಿಯವರು ಇಳಿದು, ಗೋಡೆಗೆ ಒತ್ತಿಕೊಂಡು ಗಾಡಿ ತಳ್ಳಿಕೊಂಡು ಹೋಗಬೇಕು. ಇದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಮ್ಮೆಗಳಿಗೂ ಗೊತ್ತು. ಅವತ್ತು ಸಂಜೆಯ ಭಾಷಣವನ್ನು ಬಾಯಲ್ಲೇ ಒಪ್ಪಿಸಿಕೊಳ್ಳುತ್ತಿದ್ದ ನಾನು ಸ್ಕೂಟರಿನಿಂದ ಇಳಿಯಲಿಲ್ಲ. ಹ್ಯಾಂಡಲ್ಲಿಗೆ ಸಿಕ್ಕ ಅಂಚಿನ ಎಳೆಗಳು ಪಟಪಟ ಹರಿದವು. ಹುಸೇನಸಾಬರು ಗಂಜಿ ತರಲು ಒಳಗೆ ಹೋಗಿದ್ದರು. ಓಣಿಯಲ್ಲಿದ್ದದ್ದು ನಾನು ಮತ್ತು ಅವರ ಪಕ್ಕದ ಮನೆಯ ನೀಲವ್ವನ ಆಡು. ನಾನು ಹೊರಟುಹೋದೆ, ಆಡು ನಿಂತಿತು. ಮರಳಿ ಬರುವಷ್ಟರಲ್ಲಿ ಎಳೆ ಹರಿದದ್ದು ಆಡೇ ಎಂದು ತೀರ್ಪಾಗಿ, ಅದನ್ನು ಕಂಬಕ್ಕೆ ಕಟ್ಟಿದ್ದರು. ಮಗಳಂತೆ ಸಾಕಿದ ಅದನ್ನು ಬರುವ ಸಂತೆಯಲ್ಲಿ ಮಾರಿಬಿಡುತ್ತೇನೆ ಎಂದು ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ನಾಚಿಕೆಯಾಯಿತು. ಆದರೆ ಭಾಷಣ ಮುಗಿಸಿ ಹೇಳಿದರಾಯಿತು ಎಂದು ಸುಮ್ಮನಾದೆ.

ಸಂಜೆ ಮುಂದಿನ ಸಾಲಿನಲ್ಲೇ ಹುಸೇನಸಾಬರು ಕೂತಿದ್ದರು. ಪ್ರಶ್ನೆ ಕೇಳುವ ಹೊತ್ತಿಗೆ ಎದ್ದು, "ಸರ, ಆಡಿಗೆ ಕರ್ಮ ಹತ್ತತೈತೇನ್ರಿ?" ಎಂದರು. ವಿವೇಕವಿಲ್ಲದ ಪ್ರಾಣಿಗೆ ಪಾಪವಿಲ್ಲ, ಅದು ಮನುಷ್ಯನಿಗಷ್ಟೇ, ತಪ್ಪು ಮುಚ್ಚಿಟ್ಟವನಿಗಂತೂ ಇಮ್ಮಡಿ ಎಂದು ಅಭ್ಯಾಸಬಲದಿಂದ ಹೇಳಿಬಿಟ್ಟೆ. ಹೇಳಿದ ಮೇಲೆ ನನ್ನ ಕಿವಿಗೂ ಬಿತ್ತು. ಮೈಕಿನ ಮುಂದೆಯೇ, "ಸಾಬ್ರ, ಎಳಿ ಹರಿದಾಂವ ನಾನ್ರಿ" ಎಂದೆ. ಜನ ಅದನ್ನೂ ದೃಷ್ಟಾಂತವೆಂದು ತಿಳಿದು ಚಪ್ಪಾಳೆ ತಟ್ಟಿದರು. ಶಾಲು ಹೊದ್ದುಕೊಂಡೇ ನೀಲವ್ವನ ಮನೆಗೆ ಹೋಗಿ ಮತ್ತೊಮ್ಮೆ ಹೇಳಬೇಕಾಯಿತು. ಅವಳು ಎದ್ದು ಹೋಗಿ ಆಡಿನ ಹಗ್ಗ ಬಿಚ್ಚಿದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಪ್ರಾಯಶ್ಚಿತ್ತಕ್ಕೆಂದು ಹುಸೇನಸಾಬರ ಮಗ್ಗದ ಮುಂದೆ ಕೂತು, ಹರಿದ ಎಳೆಗಳಿಗೆ ಗಂಟು ಹಾಕತೊಡಗಿದೆ. ಅವರ ಹೆಂಡತಿ ನನ್ನ ಪಕ್ಕದಲ್ಲೇ ಕೂತು, ನಾನು ಹಾಕಿದ್ದನ್ನೆಲ್ಲ ಬಿಚ್ಚಿ ಮತ್ತೆ ಹಾಕುತ್ತಿದ್ದರು. ಸಂಜೆಯ ಹೊತ್ತಿಗೆ ಹುಸೇನಸಾಬರು ಚಹಾ ಕೊಟ್ಟು, ತಣ್ಣಗೆ ಹೇಳಿದರು: "ಸರ, ನೀವು ಹರಿದದ್ದು ಒಂದು ತಾಸಿನ ಕೆಲಸಿತ್ತು. ಜೋಡಿಸಾಕ ಬಂದಿದ್ದಕ್ಕ ಇಡೀ ದಿನ ಹೋತು. ನೀವು ಭಾಷಣಾನ ಮಾಡ್ರಿ."

ಸ್ವಧರ್ಮ ಎಂದರೇನು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ನನ್ನದು ಯಾವುದೆಂದು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು.