ನಮ್ಮ ರೌಟರೊಂದು ಸ್ವಲ್ಪ ನೋಡ್ತೀರಾ

ಸ್ಯಾನ್ ಮಟಿಯೋದ ಒಂದು ಆಫೀಸಿನಲ್ಲಿ ನಾನು ಮನೆಗಳ ವೈಫೈ ರೌಟರುಗಳನ್ನು ಪರೀಕ್ಷೆ ಮಾಡುತ್ತೇನೆ. ಕಳ್ಳರು ಅದರೊಳಗೆ ಎಲ್ಲಿಂದ ನುಗ್ಗಬಹುದು ಅಂತ ಅವರಿಗಿಂತ ಮೊದಲು ಹುಡುಕುವುದು ನನ್ನ ಕೆಲಸ. ಈ ಸಂಗತಿ ನಮ್ಮ ಕನ್ನಡದವರ ಬಳಗಕ್ಕೆ ಗೊತ್ತಾದ ದಿನದಿಂದ ನಾನು ಯಾರ ಮನೆಯಲ್ಲೂ ಬಿಸಿ ಊಟ ಮಾಡಿಲ್ಲ. ತಟ್ಟೆಗೆ ಬಿಸಿಬೇಳೆಬಾತು ಬೀಳುವಷ್ಟರಲ್ಲಿ "ಹಾಗೇ ನಮ್ಮ ರೌಟರೊಂದು ಸ್ವಲ್ಪ ನೋಡ್ತೀರಾ" ಅಂತಾರೆ. ನೋಡುತ್ತೇನೆ. ಏನು ಮಾಡಬೇಕು ಅಂತ ಹೇಳುತ್ತೇನೆ. ಯಾರೂ ಮಾಡುವುದಿಲ್ಲ. ಮುಂದಿನ ಹಬ್ಬಕ್ಕೆ ಮತ್ತೆ ಕರೆಯುತ್ತಾರೆ.

ಲಕ್ಷಣವಿಲ್ಲದ ಕಾಯಿಲೆ

ನಮ್ಮ ಬೀದಿಯಲ್ಲೇ ಮೈಸೂರಿನವರಾದ ಹೃದಯದ ಡಾಕ್ಟರೊಬ್ಬರಿದ್ದಾರೆ. ಮಗಳು ಡೇಕೇರಿಗೆ ಹೋಗುತ್ತಿದ್ದಾಗ ತಂದ ರೌಟರು ಅವರ ಮನೆಯಲ್ಲಿ ಇನ್ನೂ ಇದೆ. ಮಗಳು ಈಗ ಡ್ರೈವಿಂಗ್ ಕಲಿಯುತ್ತಿದ್ದಾಳೆ.

"ಡಾಕ್ಟ್ರೇ, ಇದಕ್ಕೆ ಒಂದು ಸಲವೂ ಅಪ್‌ಡೇಟ್ ಹಾಕಿಲ್ಲ. ಪಾಸ್‌ವರ್ಡೂ ಫ್ಯಾಕ್ಟರಿಯವರು ಇಟ್ಟಿದ್ದೇ ಇದೆ. ಯಾರು ಬೇಕಾದರೂ ಒಳಗೆ ಬರಬಹುದು" ಅಂದೆ.

"ನೆಟ್ಟು ಚೆನ್ನಾಗೇ ಬರ್ತಿದೆಯಲ್ಲಮ್ಮ. ಒಂದು ದಿನ ತೊಂದರೆ ಕೊಟ್ಟಿಲ್ಲ."

"ಬಂದವರು ಬಾಗಿಲು ತಟ್ಟಿ ಬರಲ್ಲ. ಸುಮ್ಮನೆ ಕೂತು ಎಲ್ಲ ನೋಡ್ತಿರ್ತಾರೆ."

"ತೊಂದರೆ ಕಾಣಿಸಿದಾಗ ನೋಡಿದರಾಯ್ತು ಬಿಡು."

ನನಗೆ ರೇಗಿತು. "ಎದೆನೋವು ಬಂದಾಗ ನೋಡಿದರಾಯ್ತು, ಈಗ ಯಾಕೆ ಚೆಕಪ್ಪು ಅಂತ ನಿಮ್ಮ ಪೇಷೆಂಟು ಅಂದರೆ ಏನು ಮಾಡ್ತೀರಿ?"

"ಚೆನ್ನಾಗಿ ಬೈತೀನಿ. ಲಕ್ಷಣ ಕಾಣೋ ಹೊತ್ತಿಗೆ ತಡವಾಗಿರತ್ತೆ."

"ಸರಿ. ನೀವು ಕೊನೇ ಸಲ ಚೆಕಪ್ಪು ಮಾಡಿಸಿಕೊಂಡಿದ್ದು ಯಾವಾಗ?"

ಡಾಕ್ಟರು ಚಟ್ನಿ ಕಡೆ ನೋಡಿದರು. ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಅವರಿಗೂ ಅಪ್‌ಡೇಟ್ ಹಾಕಿಲ್ಲಮ್ಮ, ಮದುವೆ ಆದಾಗಿನಿಂದ."

ಎರಡನೇ ಮಹಡಿ

ಸಾಂಟಾ ಕ್ಲಾರಾದಲ್ಲಿ ನಾನು ದಿನಸಿ ತರುವ ಅಂಗಡಿಯ ಸಾಹೇಬರು ಶಿವಾಜಿನಗರದವರು. ಬೆಂಗಳೂರಿನಲ್ಲಿರುವ ತಾಯಿಯ ಜೊತೆ ವಿಡಿಯೋದಲ್ಲಿ ಮಾತಾಡಲು ಕೂತರೆ ಎರಡೇ ನಿಮಿಷಕ್ಕೆ ಚಿತ್ರ ನಿಂತುಹೋಗುತ್ತದೆ ಅಂತ ಬಹಳ ಬೇಜಾರು ಮಾಡಿಕೊಂಡಿದ್ದರು. "ಅಮ್ಮಿ ಮುಖ ಅರ್ಧ ಬರುತ್ತೆ ಅಕ್ಕಾ, ಇನ್ನರ್ಧ ಬರೋ ಹೊತ್ತಿಗೆ ಅವರಿಗೆ ನಿದ್ದೆ ಬಂದಿರುತ್ತೆ."

ಎರಡನೇ ಮಹಡಿಯಲ್ಲಿದ್ದ ಅವರ ಅಪಾರ್ಟ್‌ಮೆಂಟಿಗೆ ಹೋಗಿ ನೋಡಿದೆ. ವೈಫೈಗೆ ಪಾಸ್‌ವರ್ಡೇ ಇರಲಿಲ್ಲ.

"ಮನೇಲಿ ಎಷ್ಟು ಜನ ಇದ್ದೀರಿ?"

"ನಾಲ್ಕು."

"ಇಲ್ಲಿ ಮೂವತ್ತೊಂದು ಮಿಷನ್ನು ಸೇರಿಕೊಂಡಿದೆ. ಅದರಲ್ಲಿ ಒಂದು ಫ್ರಿಜ್ಜು."

"ನಮ್ಮ ಫ್ರಿಜ್ಜಿಗೆ ಇಂಟರ್ನೆಟ್ಟು ಇಲ್ವಲ್ಲ ಅಕ್ಕಾ."

"ಯಾರದೋ ಫ್ರಿಜ್ಜಿಗೆ ನೀವು ಕೊಟ್ಟಿದ್ದೀರಿ."

ಹೀಗೆ ಬಿಟ್ಟರೆ ನಿಮ್ಮ ಫೋನು, ಲ್ಯಾಪ್‌ಟಾಪಿಗೂ ಯಾರಾದರೂ ಕೈ ಹಾಕಬಹುದು ಅಂತ ಹೆದರಿಸಿದೆ. ಅವರಿಗೆ ಅಕ್ಕಪಕ್ಕದವರದೇ ಚಿಂತೆ, "ಪಾಪ, ಏನಂದ್ಕೋತಾರೋ" ಅಂದರು. ನಾನು ಕೇಳಲಿಲ್ಲ, ಪಾಸ್‌ವರ್ಡು ಹಾಕಿಬಿಟ್ಟೆ. ಕೂಡಲೇ ಅಮ್ಮಿಯ ಪೂರ್ತಿ ಮುಖ ಬಂತು. ಮಗನಿಗೆ ಹೊಟ್ಟೆ ಬಂದಿದೆ ಅಂತ ಬೈಯಲೂ ಶುರುಮಾಡಿದರು. ಒಂದಾದರೂ ಕೆಲಸ ನೆಟ್ಟಗಾಯಿತು ಅಂದುಕೊಂಡೆ.

ಮಾರನೇ ದಿನ ಸಾಹೇಬರ ಫೋನು. "ಅಕ್ಕಾ, ಅಪಾರ್ಟ್‌ಮೆಂಟ್ ಆಫೀಸಿನವರು ಲಿಫ್ಟಿನಲ್ಲಿ ನೋಟಿಸು ಅಂಟಿಸಿದಾರೆ."

"ಏನಂತ?"

"ಎರಡನೇ ಮಹಡಿಯ ಇಂಟರ್ನೆಟ್ಟು ಕೆಟ್ಟಿದೆ, ಬೇಗ ಸರಿ ಮಾಡಿಸ್ತೀವಿ, ದಯವಿಟ್ಟು ಸಹಕರಿಸಿ ಅಂತ. ವಿಚಾರಿಸೋಕೆ ಕೆಳಗೆ ನನ್ನ ಮನೆ ನಂಬರು ಕೊಟ್ಟಿದಾರೆ."

ಬಗೆಹರಿದಿದೆ

ಜನರನ್ನಷ್ಟೇ ಬೈದರೆ ತಪ್ಪಾಗುತ್ತದೆ. ರೌಟರು ಮಾಡುವ ಕಂಪನಿಯೊಂದಕ್ಕೆ, ನಿಮ್ಮ ಮಾಡೆಲಿನಲ್ಲಿ ಪಾಸ್‌ವರ್ಡಿಲ್ಲದೆಯೇ ಒಳಗೆ ಹೋಗಬಹುದು ಅಂತ ಹಂತಹಂತವಾಗಿ ವಿವರಿಸಿ, ಚಿತ್ರಗಳ ಸಮೇತ ಬರೆದೆ. "ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ" ಅಂತ ಉತ್ತರ ಬಂತು. ಮಾಡಿದೆ, ಈಗಲೂ ಹೋಗಬಹುದು ಅಂತ ಬರೆದೆ. "ನಿಮ್ಮ ಪಾಸ್‌ವರ್ಡು ಮರೆತಿದ್ದರೆ ಇಲ್ಲಿ ಒತ್ತಿ" ಅಂತ ಬಂತು. ಮರೆತಿಲ್ಲ, ಅದು ಬೇಕಾಗಿಯೇ ಇಲ್ಲ, ಅದೇ ತಾನೇ ನನ್ನ ದೂರು ಅಂತ ಮೂರನೇ ಸಲ ಬರೆದೆ.

ಎರಡು ತಿಂಗಳಾದ ಮೇಲೆ "ಸಮಸ್ಯೆ ಬಗೆಹರಿದಿದೆ, ಧನ್ಯವಾದ" ಅಂತ ಬಂತು. ಖುಷಿಯಿಂದ ಹೊಸ ಅಪ್‌ಡೇಟ್ ಹುಡುಕಿಕೊಂಡು ಅವರ ವೆಬ್‌ಸೈಟಿಗೆ ಹೋದೆ. ಅಪ್‌ಡೇಟ್ ಇರಲಿಲ್ಲ. ಆ ಮಾಡೆಲಿನ ಹೆಸರನ್ನೇ ತೆಗೆದುಹಾಕಿದ್ದರು.

ಅವ್ವನ ರಿಪೇರಿ

ಎಮರಿವಿಲ್‌ನಲ್ಲಿ ಆನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುವ ಗೆಳತಿಯ ಮನೆಗೆ ಧಾರವಾಡದಿಂದ ಅವಳ ತಾಯಿ ಬಂದಿದ್ದರು. ಗೆಳತಿಯ ಮನೆಯಲ್ಲಿದ್ದ ಮಾಡೆಲಿನ ರೌಟರಿನ ಬಗ್ಗೆ ಆಫೀಸಿನಲ್ಲಿ ನನಗೊಂದು ಕೆಟ್ಟ ಸುದ್ದಿ ಸಿಕ್ಕಿತು. ಬೆಳಿಗ್ಗೆಯೇ ಫೋನು ಮಾಡಿದೆ.

"ನಿನ್ನ ರೌಟರಿನಲ್ಲಿ ತೂತಿದೆ ಕಣೇ. ಇವತ್ತೇ ಮುಚ್ಚಬೇಕು. ಇಲ್ಲದಿದ್ದರೆ ಕಳ್ಳರು ನುಗ್ತಾರೆ."

"ಇವತ್ತು ಆಗಲ್ಲ. ಮಧ್ಯಾಹ್ನ ಆರು ತಿಂಗಳ ಕೆಲಸವನ್ನ ಡೈರೆಕ್ಟರಿಗೆ ತೋರಿಸಬೇಕು, ಮನೆಯಿಂದಲೇ. ಶನಿವಾರ ನೋಡ್ತೀನಿ." ಅವಳು ಫೋನನ್ನು ಸ್ಪೀಕರಿನಲ್ಲಿ ಇಟ್ಟು ಕಾಫಿ ಸೋಸುತ್ತಿದ್ದಳು ಅಂತ ನನಗೆ ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ಅವಳೇ ಫೋನು ಮಾಡಿದಳು. ಡೈರೆಕ್ಟರು ನೋಡುತ್ತಿದ್ದ ಹಾಗೇ ನೆಟ್ಟು ಹೋಯಿತಂತೆ. "ಕಳ್ಳರು ಬಂದೇಬಿಟ್ಟರು ಅನ್ಸತ್ತೆ. ಟಿವಿ ಹಿಂದಿರೋ ರೌಟರಿನ ಒಂದು ಲೈಟೂ ಕಾಣ್ತಿಲ್ಲ."

ನಾನು ಇದ್ದ ಮೀಟಿಂಗು ಬಿಟ್ಟು, ಸೇತುವೆ ದಾಟಿ, ಫ್ರೀವೇ ಉದ್ದಕ್ಕೂ ಯಾವ ದೇಶದವರ ಕೈವಾಡ ಇರಬಹುದು ಅಂತ ಲೆಕ್ಕ ಹಾಕುತ್ತ ಹೋದೆ. ಹೋಗಿ ನೋಡಿದರೆ ರೌಟರಿನ ಮೈತುಂಬ ಪ್ಯಾಕಿಂಗ್ ಟೇಪು. ಕಿತ್ತೆ. ಗಾಳಿಯಾಡಲು ಬಿಟ್ಟಿದ್ದ ಸಣ್ಣ ಸಣ್ಣ ತೂತುಗಳಿಗೆಲ್ಲ ನಾದಿದ ಜೋಳದ ಹಿಟ್ಟು ಒತ್ತಿತ್ತು. ಒಳಗಿನ ಕಾವಿಗೆ ಅರ್ಧ ಬೆಂದೂ ಇತ್ತು.

"ಒಂದೂ ಬಿಟ್ಟಿಲ್ಲ ನೋಡವಾ" ಅಂದರು ಅವ್ವ. "ಇವತ್ತ ಮುಚ್ಚಬೇಕು ಅಂತ ನೀನ ಹೇಳಿದಿ. ಈಕಿ ಶನಿವಾರ ಅಂದ್ಲು. ಅಲ್ಲೀತನಕಾ ಕಳ್ಳರು ಕಾಯ್ತಾರೇನು?"

ಬೈಯಲು ಬಾಯಿ ಬರಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಮಾತು ಕೇಳಿ ಅವತ್ತಿಗವತ್ತೇ ಕೆಲಸ ಮಾಡಿದವರು ಅವರೊಬ್ಬರೇ. ಡೈರೆಕ್ಟರು ಒಳ್ಳೆಯವರು, ಮಾರನೇ ದಿನ ನೋಡೋಣ ಅಂದರು. ಗೆಳತಿಯೂ ನಾನೂ ಹೋಗಿ ಹೊಸ ರೌಟರು ತಂದೆವು.

ಅದನ್ನು ಜೋಡಿಸುವಾಗ ಅವ್ವ ಪಕ್ಕದಲ್ಲೇ ಕೂತರು. "ಅಮ್ಮಾ, ಇವು ಗಾಳಿಗೆ ಬಿಟ್ಟ ತೂತು, ಮುಚ್ಚಬೇಡಿ. ನಾನು ಹೇಳೋ ತೂತು ಕಣ್ಣಿಗೆ ಕಾಣೋಲ್ಲ" ಅಂದೆ.

"ಅದನ್ನ ಯಾರು ಮುಚ್ಚಬೇಕು?"

"ಮಾಡಿದ ಕಂಪನಿಯವರು."

"ನೀ ಏನ ಮಾಡ್ತೀ ಮತ್ತ?"

"ನಾನು ಹುಡುಕ್ತೀನಿ, ಅವರಿಗೆ ಹೇಳ್ತೀನಿ."

"ಮುಚ್ಚತಾರೇನು?"

ನಾನು ತಂತಿ ಸಿಕ್ಕಿಸಿದೆ.

ನೆಟ್ಟು ಬಂದ ಮೇಲೆ ಅವ್ವ ಮೊದಲು ಮಾಡಿದ್ದು ಧಾರವಾಡದ ತಂಗಿಗೆ ವಿಡಿಯೋ ಕಾಲು. ನನ್ನ ಕಡೆ ಫೋನು ತಿರುಗಿಸಿ ಪರಿಚಯ ಮಾಡಿಸಿದರು. "ಭಾಳ ಛಲೋ ಹುಡುಗಿ ನೋಡವಾ. ದೊಡ್ಡ ಆಫೀಸಿನಾಗ ತೂತು ಹುಡುಕೋ ನೌಕರಿ ಐತಂತ. ಮುಚ್ಚಲಿಕ್ಕೆ ಬರಂಗಿಲ್ಲ, ಪಾಪ. ನಾನ ಮುಚ್ಚಿ ತೋರಿಸೇನಿ."