ಮೂವತ್ತೊಂದು ಸೊಪ್ರಾನೊಗಳು

ನಮ್ಮ ಮಂಗಳೂರಿನವರಿಗೆ "ಗೊತ್ತಿಲ್ಲ" ಎನ್ನುವುದು ಬಹಳ ಕಷ್ಟದ ಕೆಲಸ. ಉರ್ವ ಮಾರ್ಕೆಟಿನ ಹತ್ತಿರ ನಿಂತು ಯಾರದ್ದಾದರೂ ಮನೆ ಎಲ್ಲಿ ಎಂದು ಕೇಳಿ ನೋಡಿ. ಆ ಹೆಸರನ್ನು ಹುಟ್ಟಿದಂದಿನಿಂದ ಕೇಳಿರದವರೂ "ಸೀದಾ ಹೋಗಿ, ಅಲ್ಲಿ ಮುಂದೆ ಯಾರಲ್ಲಾದ್ರೂ ಕೇಳಿ" ಎನ್ನುತ್ತಾರೆಯೇ ಹೊರತು ಬರಿಗೈಯಲ್ಲಿ ಕಳುಹಿಸುವುದಿಲ್ಲ. ನಾನೂ ಇದೇ ಊರಿನವಳು. ಗಲ್ಫಿನ ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ವರ್ಷ ನರ್ಸ್ ಆಗಿದ್ದಾಗ ಮಾತ್ರ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಿದ್ದೆ. ಅಲ್ಲಿ ಹೇಳದಿದ್ದರೆ ರೋಗಿಯ ಗತಿ ಮುಗಿಯಿತು. ನಿವೃತ್ತಳಾಗಿ ದೇರೆಬೈಲಿನ ಫ್ಲ್ಯಾಟಿಗೆ ಬಂದು ನೆಲೆಸಿದ ಮೇಲೆ ಆ ಒಳ್ಳೆಯ ಅಭ್ಯಾಸ ತಪ್ಪಿಹೋಯಿತು. ಆದ್ದರಿಂದಲೇ ನಮ್ಮ ಇಗರ್ಜಿಯ ಗಾಯನ ಮಂಡಳಿಯನ್ನು ನಡೆಸುವ ಹಿಲ್ಡಾ ಟೀಚರ್ "ಐರಿನ್, ನಿನಗೆ ಕಂಪ್ಯೂಟರ್‌ನಲ್ಲಿ ನಮ್ಮ ಪ್ರಾಕ್ಟೀಸಿನ ಪಟ್ಟಿ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದಾಗ, ಯೋಚಿಸದೆ "ಆಗ್ತದೆ ಟೀಚರ್" ಎಂದುಬಿಟ್ಟೆ.

ಪೂರ್ತಿ ಸುಳ್ಳೂ ಅಲ್ಲ. ಆಗ ನಾನು ಆನ್‌ಲೈನಿನಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಹೊರಟು ಎರಡು ತಿಂಗಳಾಗಿತ್ತು. ನಾನು ಕಲಿಯುತ್ತಿದ್ದ ಭಾಷೆಯ ಹೆಸರು ರೂಬಿ. ಅದನ್ನು ನನ್ನ ಗಂಡ ವಲೇರಿಯನ್‌ಗೆ ಹೇಳಿದ ದಿನ ಅವರು ಪೇಪರಿನಿಂದ ತಲೆ ಎತ್ತಿ, "ಮೂರನೇ ಮಾಳಿಗೆಯ ರೂಬಿಯಾ? ಅವಳಿಗೆ ಕಲಿಸ್ಲಿಕ್ಕೆ ಎಂತ ಗೊತ್ತುಂಟು ಮಾರಾಯ್ತಿ?" ಎಂದಿದ್ದರು. ಅಲ್ಲ ಎಂದು ವಿವರಿಸಿದ ಮೇಲೆ, "ಅರುವತ್ತರ ಹತ್ತಿರ ಬಂದವರಿಗೆ ಇದೆಲ್ಲ ಯಾಕೆ?" ಎಂದರು. ನನ್ನನ್ನು ಯಾವುದಾದರೂ ಕೆಲಸಕ್ಕೆ ಗಟ್ಟಿಯಾಗಿ ಕಟ್ಟಿಹಾಕಬೇಕೆಂದಿದ್ದರೆ ಇಷ್ಟು ಹೇಳಿದರೆ ಸಾಕು. ಮದುವೆಯಾಗಿ ಮೂವತ್ತು ವರ್ಷವಾದರೂ ಅವರಿಗೆ ಇದು ತಿಳಿದಿಲ್ಲ.

ಕೆಲಸ ಸಣ್ಣದು. ಮಂಡಳಿಯಲ್ಲಿ ಮೂವತ್ತೊಂದು ಜನ. ಹೆಂಗಸರ ಎತ್ತರದ ದನಿ ಸೊಪ್ರಾನೊ, ತಗ್ಗಿನ ದನಿ ಆಲ್ಟೊ. ಗಂಡಸರ ಎತ್ತರದ ದನಿ ಟೆನರ್, ತಗ್ಗಿನದು ಬಾಸ್. ಕ್ರಿಸ್ಮಸ್ ಹತ್ತಿರ ಬರುವಾಗ ಒಂದೊಂದು ದನಿಯವರಿಗೆ ಒಂದೊಂದು ಸಂಜೆ ಅಭ್ಯಾಸ: ಸೋಮವಾರ ಸೊಪ್ರಾನೊ, ಗುರುವಾರ ಬಾಸ್, ಹೀಗೆ. ಹೆಸರುಗಳನ್ನು ದನಿಗೆ ಸರಿಯಾಗಿ ವಿಂಗಡಿಸಿ ಎಲ್ಲರ ಫೋನಿಗೆ ಮೆಸೇಜ್ ಹೋಗುವಂತೆ ಮಾಡಬೇಕಿತ್ತು. ಇದಕ್ಕೆ ಹ್ಯಾಶ್ ಟೇಬಲ್ ಎಂಬುದೊಂದು ಇದೆ. ನಮ್ಮ ವಾರ್ಡಿನ ಔಷಧಿ ಕಪಾಟಿನ ಹಾಗೆಯೇ. ಪ್ರತಿ ಡ್ರಾಯರಿಗೆ ಒಂದು ಚೀಟಿ. ಚೀಟಿಯ ಹೆಸರು ಹೇಳಿದರೆ ಡ್ರಾಯರಿನಲ್ಲಿ ಇದ್ದದ್ದು ಕೈಗೆ ಬರುತ್ತದೆ. ತೊಂದರೆ ಶುರುವಾದದ್ದು ಇಲ್ಲದ ಡ್ರಾಯರನ್ನು ಕೇಳಿದಾಗ. ಮೊದಲ ಸೊಪ್ರಾನೊ ಹೆಸರನ್ನು ಸೇರಿಸಲು ಹೋದರೆ ಸೊಪ್ರಾನೊ ಎಂಬ ಡ್ರಾಯರೇ ಇನ್ನೂ ಇರಲಿಲ್ಲ. ಪ್ರೋಗ್ರಾಂ ಅಲ್ಲೇ ಬಿದ್ದುಹೋಯಿತು. ಪಾಠ ತಿರುವಿ ನೋಡಿದೆ. "ಕೇಳಿದ ಹೆಸರು ಇಲ್ಲದಿದ್ದರೆ ಇದನ್ನು ಕೊಡು" ಎಂದು ಮೊದಲೇ ಹೇಳಿಡಬಹುದಂತೆ. ಅದಕ್ಕೆ ಡಿಫಾಲ್ಟ್ ಎಂದು ಹೆಸರು. ಇಲ್ಲದಿದ್ದರೆ ಒಂದು ಖಾಲಿ ಪಟ್ಟಿ ಕೊಡು ಎಂದು ಬರೆದೆ. ಒಂದು ಹೆಸರು ಹಾಕಿ ಸೊಪ್ರಾನೊ ಎಂದು ಕೇಳಿದೆ, ಬಂತು. ಸಂತೋಷದಲ್ಲಿ ಮೂವತ್ತೊಂದನ್ನೂ ತುಂಬಿಸಿ, ನಾಲ್ಕು ದನಿಗಳಿಗೆ ನಾಲ್ಕು ದಿನ ಹೊಂದಿಸಿ, ತಿರುಗಿ ನೋಡದೆ ಮೆಸೇಜ್ ಕಳುಹಿಸಿದೆ. ಅಂದು ವಲೇರಿಯನ್‌ಗೆ ಮಧ್ಯಾಹ್ನ ಮೀನು ಸಾರಿನ ಜೊತೆ ಫ್ರೈಯೂ ಸಿಕ್ಕಿತು.

ಸೋಮವಾರ ಸಂಜೆ ಹೆಮ್ಮೆಯಿಂದ ಇಗರ್ಜಿಯ ಹಾಲ್‌ಗೆ ಹೋದರೆ ಹೊರಗೆ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ. ಒಳಗೆ ಸೊಪ್ರಾನೊ ಅಭ್ಯಾಸಕ್ಕೆ ಎಂಟು ಹೆಂಗಸರ ಬದಲು ಮೂವತ್ತೊಂದು ಜನರೂ ಬಂದಿದ್ದರು. ಮೀಸೆಯವರೇ ಹದಿಮೂರು ಮಂದಿ ಇದ್ದರು. ಹಿಲ್ಡಾ ಟೀಚರ್ ಕೀಬೋರ್ಡಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಐರಿನ್, ಎಂತ ಇದು?"

"ಟೀಚರ್, ಒಂದು ನಿಮಿಷ," ಎಂದು ಫೋನ್ ತೆಗೆದು ನೋಡಿದೆ. ಎಲ್ಲರಿಗೂ ನಾಲ್ಕು ದಿನವೂ ಬರಹೇಳಿ ಮೆಸೇಜ್ ಹೋಗಿತ್ತು. ಎಲ್ಲರೂ ಸೊಪ್ರಾನೊ, ಎಲ್ಲರೂ ಬಾಸ್.

ಜನ ನಕ್ಕರು, ಅದು ಪರವಾಗಿಲ್ಲ. ನಗದೆ ಇದ್ದವರು ಒಬ್ಬರೇ: ಗಿಲ್ಬರ್ಟ್ ಅಂಕಲ್. ಎಪ್ಪತ್ತು ದಾಟಿದವರು, ಕಾಟಿಪಳ್ಳದಿಂದ ಬಸ್ಸು ಬದಲಿಸಿ ಬರಬೇಕು. ಬಾಸ್ ಸಾಲಿನಲ್ಲಿ ನಲವತ್ತು ವರ್ಷದಿಂದ ಹಿಂದಿನ ಗೋಡೆಗೆ ಒರಗಿ ನಿಲ್ಲುವವರು ಅಂದು ಇಸ್ತ್ರಿ ಹಾಕಿದ ಬಿಳಿ ಶರ್ಟಿನಲ್ಲಿ, ಹಾಡಿನ ಫೈಲ್ ಎದೆಗೊತ್ತಿಕೊಂಡು, ಸೊಪ್ರಾನೊ ಹೆಂಗಸರ ಮಧ್ಯೆ ಮುಂದಿನ ಸಾಲಿನಲ್ಲಿ ನಿಂತಿದ್ದರು.

"ಗಿಲ್ಬರ್ಟ್, ನೀವು ಹಿಂದೆ ಹೋಗಿ," ಎಂದರು ಟೀಚರ್.

"ಮೆಸೇಜ್ ಉಂಟಲ್ಲ ಟೀಚರ್," ಎಂದರು ಅವರು. ಆಮೇಲೆ ಮೆಲ್ಲಗೆ ಹೇಳಿದರು: "ಬಾಸಿನವರಿಗೆ ಎಂತ ಸಿಗ್ತದೆ ಹೇಳಿ. ಊಂ, ಊಂ, ಅಷ್ಟೇ. ಹಾಡು ಯಾವಾಗಲೂ ಮುಂದಿನ ಸಾಲಿನವರದ್ದು. ನಾಲ್ಕು ದಿನದಿಂದ ಮನೆಯಲ್ಲಿ ಮೇಲಿನ ರಾಗ ಕಲಿತಿದ್ದೇನೆ."

ನನಗೆ ನೆಲ ಬಿರಿಯಬಾರದೇ ಎನಿಸಿತು. ಟೀಚರ್ ನನ್ನ ಮುಖ ನೋಡಿ, "ಬುಧವಾರದ ಒಳಗೆ ಸರಿಯಾಗಬೇಕು. ಇಲ್ಲದಿದ್ದರೆ ನನ್ನ ಹಳೇ ನೋಟ್ ಪುಸ್ತಕ ಉಂಟು," ಎಂದು ಎಲ್ಲರನ್ನೂ ಮನೆಗೆ ಕಳುಹಿಸಿದರು.

ಹಳೇ ನೋಟ್ ಪುಸ್ತಕಕ್ಕೆ ಸೋಲುವವಳು ನಾನಲ್ಲ. ಮಂಗಳವಾರ ಬೆಳಿಗ್ಗೆ ಪಾತ್ರೆ ತೊಳೆಯುವುದನ್ನೂ ಬಿಟ್ಟು ಕೂತೆ. ಮೊದಲು ಪ್ರೋಗ್ರಾಮನ್ನು ಕೇಳಿದೆ: ಕಪಾಟಿನಲ್ಲಿ ಎಷ್ಟು ಡ್ರಾಯರ್ ಇದೆ? ಸೊನ್ನೆ ಎಂದಿತು. ಸೊಪ್ರಾನೊ ಕೊಡು ಎಂದೆ, ಮೂವತ್ತೊಂದು ಹೆಸರು ಕೊಟ್ಟಿತು. ಏನೂ ಇಲ್ಲದ ಕಪಾಟಿನಿಂದ ಮೂವತ್ತೊಂದು ಹೆಸರು! ಸಿಟ್ಟಿನಲ್ಲಿ ಬಾಯಿಗೆ ಬಂದ ಮೀನಿನ ಹೆಸರು, "ಬಂಗುಡೆ" ಎಂದು ಟೈಪ್ ಮಾಡಿದೆ. ನಮ್ಮ ಇಡೀ ಗಾಯನ ಮಂಡಳಿ, ಹಿಲ್ಡಾ ಟೀಚರ್ ಸಮೇತ, ಬಂಗುಡೆಯ ಕೆಳಗೆ ಸಾಲಾಗಿ ಬಂತು. ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು ಎಂದು ಶಿಲುಬೆಯ ಗುರುತು ಹಾಕಿಕೊಂಡೆ.

ವಲೇರಿಯನ್ ಬಾಗಿಲಲ್ಲಿ ನಿಂತು, "ಊಟಕ್ಕೆ ಎಂತ?" ಎಂದರು.

"ಬ್ರೆಡ್ ಉಂಟು."

"ಹಾಗಾದ್ರೆ ಇನ್ನೂ ಸರಿಯಾಗ್ಲಿಲ್ಲ," ಎಂದು ಹೋದರು.

ಆಗ ನೆನಪಾದದ್ದು ವಾರ್ಡು. ಹೆಸರು ಒಂದೇ ಥರ ಇರುವ ಇಬ್ಬರು ರೋಗಿಗಳಿದ್ದರೆ ಮುಖ ನೋಡುತ್ತಿರಲಿಲ್ಲ, ಮಣಿಕಟ್ಟಿನ ಪಟ್ಟಿಯ ನಂಬರ್ ನೋಡುತ್ತಿದ್ದೆವು. ಕಂಪ್ಯೂಟರಿನಲ್ಲೂ ಪ್ರತಿ ವಸ್ತುವಿಗೆ ಅಂಥ ಒಂದು ನಂಬರ್ ಇರುತ್ತದೆ. ಸೊಪ್ರಾನೊ ಪಟ್ಟಿಯ ನಂಬರ್ ಕೇಳಿದೆ, ಬಾಸ್ ಪಟ್ಟಿಯದ್ದು ಕೇಳಿದೆ. ಎರಡೂ ಒಂದೇ! ಅಂದರೆ ನಾನು ಕೊಟ್ಟಿದ್ದದ್ದು ಒಂದೇ ಒಂದು ಖಾಲಿ ಪಟ್ಟಿ. ಯಾರು ಇಲ್ಲದ್ದನ್ನು ಕೇಳಿದರೂ ಪ್ರೋಗ್ರಾಂ ಅದನ್ನೇ ಕೈಗೆ ಕೊಡುತ್ತಿತ್ತು, ಎಲ್ಲರ ಹೆಸರೂ ಅದರಲ್ಲೇ ಬೀಳುತ್ತಿತ್ತು, ಡ್ರಾಯರಿನೊಳಗೆ ಮಾತ್ರ ಯಾರೂ ಏನೂ ಇಟ್ಟಿರಲಿಲ್ಲ. ಸರಿ, ಪ್ರತಿಸಲ ಹೊಸ ಪಟ್ಟಿ ಮಾಡಿ ಕೊಡು ಎಂದು ತಿದ್ದಿದೆ. ಈ ಸಲ ಎಲ್ಲ ದನಿಯೂ ಖಾಲಿ. ಮೂವತ್ತೊಂದು ಜನರೂ ಮಾಯ. ಹೊಸ ಪಟ್ಟಿ ಕೊಡುತ್ತಿತ್ತು, ನಾನು ಹೆಸರು ಬರೆಯುತ್ತಿದ್ದೆ, ಇಡಲು ಜಾಗ ಹೇಳಿರದ ಕಾರಣ ಅದು ಎಸೆಯುತ್ತಿತ್ತು. ಬ್ರೆಡ್ಡಿನ ಎರಡನೇ ತುಂಡು ತಿನ್ನುವಾಗ ಹೊಳೆಯಿತು: ಹೊಸ ಪಟ್ಟಿ ಮಾಡು, ಮತ್ತು ಕೇಳಿದ ಹೆಸರಿನ ಡ್ರಾಯರಿನಲ್ಲಿ ಇಡು. ಎರಡನ್ನೂ ಹೇಳಬೇಕು! ಹೇಳಿದೆ. ನಾಲ್ಕು ದನಿಗೆ ಕ್ರಮವಾಗಿ ಎಂಟು, ಹತ್ತು, ಆರು, ಏಳು ಹೆಸರು. ಕುರ್ಚಿಯಿಂದ ಎದ್ದು ಕುಣಿಯುವ ವಯಸ್ಸಲ್ಲವಾದ್ದರಿಂದ ಕೂತಲ್ಲೇ ಕುಣಿದೆ.

ಆದರೆ ಮೆಸೇಜ್ ಕಳುಹಿಸುವ ಮೊದಲು ಒಂದು ಕೆಲಸವಿತ್ತು. ಗಿಲ್ಬರ್ಟ್ ಅಂಕಲ್‌ಗೆ ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಬುಧವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಕಾಟಿಪಳ್ಳಕ್ಕೆ ಹೋದೆ. ಅವರು ಅಂಗಳದಲ್ಲಿ ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಿದ್ದರು. ತಪ್ಪು ನನ್ನದು, ಎಲ್ಲರಿಗೂ ಒಂದೇ ಪಟ್ಟಿ ಹೋಗಿತ್ತು ಎಂದೆಲ್ಲ ಹೇಳಿದೆ. ಪೂರ್ತಿ ಕೇಳಿ ಅವರು ಪೈಪನ್ನು ಕೆಳಗಿಟ್ಟರು.

"ಹಾಗಾದ್ರೆ ನನ್ನನ್ನು ಯಾರೂ ಆರಿಸಿದ್ದಲ್ಲ."

"ಅಲ್ಲ ಅಂಕಲ್. ಯಾರೂ ಎಂತದೂ ಹೇಳದೆ ಇದ್ದಾಗ ಅದು ಕೊಡುವ ಉತ್ತರ ಅಷ್ಟೇ."

"ಹ್ಞೂಂ," ಎಂದರು. ಆ ಹ್ಞೂಂ ಕೂಡ ಎಷ್ಟು ತಗ್ಗಿನಲ್ಲಿತ್ತೆಂದರೆ ನನ್ನ ಹೆಲ್ಮೆಟ್ ನಡುಗಿತು. ಹೊರಡುವಾಗ ನನಗೇ ತಡೆಯಲಾಗಲಿಲ್ಲ. "ಆ ಮೇಲಿನ ರಾಗ ಒಮ್ಮೆ ಹೇಳ್ತೀರಾ?" ಎಂದೆ. ನಾಚುತ್ತಾ ಹಾಡಿದರು. ಸೊಪ್ರಾನೊದ ಅದೇ ರಾಗ, ಆದರೆ ಬಾವಿಯ ತಳದಿಂದ ಬಂದ ಹಾಗೆ, ನಿಧಾನವಾಗಿ, ಒಂದು ಸ್ವರವೂ ತಪ್ಪದೆ. ಫೋನಿನಲ್ಲಿ ಹಿಡಿದು ಹಿಲ್ಡಾ ಟೀಚರಿಗೆ ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಅವರು ಬಾಸಿನಲ್ಲೇ ಇರಲಿ. ಮೊದಲ ಚರಣ ಅವರೊಬ್ಬರೇ ಹಾಡಲಿ. ನಲವತ್ತು ವರ್ಷ ನನಗ್ಯಾಕೆ ಗೊತ್ತಾಗ್ಲಿಲ್ಲ?" ಟೀಚರ್ ಅಂಥ ಪ್ರಶ್ನೆ ಕೇಳಿದ್ದು ನಾನು ಕಂಡಂತೆ ಅದೇ ಮೊದಲು.

ಮನೆಗೆ ಬಂದು ಕೊನೆಯ ಸಲ ಪರೀಕ್ಷೆ ಮಾಡಿದೆ. ನಾನು ಹಾಡುವವಳಲ್ಲ, ಆದರೂ ಕುತೂಹಲಕ್ಕೆ "ಐರಿನ್" ಎಂದು ಕೇಳಿದೆ. ಖಾಲಿ ಪಟ್ಟಿ ಬಂತು. ಎಷ್ಟು ಮರ್ಯಾದೆಯ ಪ್ರೋಗ್ರಾಂ ಎಂದುಕೊಂಡೆ. ದನಿಗಳ ಹೆಸರನ್ನು ಇನ್ನು ನಾನು ಕೈಯಲ್ಲಿ ಬರೆಯುವುದು ಯಾಕೆ, ಕಪಾಟಿನಲ್ಲಿರುವ ಚೀಟಿಗಳನ್ನೇ ಓದಿಕೊಂಡು ದಿನ ಹಂಚು ಎಂದು ಹೇಳಿ, ಇಡೀ ವೇಳಾಪಟ್ಟಿಯನ್ನು ಮಂಡಳಿಯ ವಾಟ್ಸಾಪ್ ಗುಂಪಿಗೆ ಕಳುಹಿಸಿದೆ. ಇಲ್ಲದ ಹೆಸರನ್ನು ಸುಮ್ಮನೆ ಕೇಳಿದರೂ ಸಾಕು, ಅದು ಕೂಡಲೇ ಆ ಹೆಸರಿನ ಡ್ರಾಯರ್ ಮಾಡಿ ಇಟ್ಟುಕೊಳ್ಳುತ್ತದೆ ಎಂದು ತಿಳಿದದ್ದು ಆಮೇಲೆ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಲ್ಲ ಸರಿಯಾಗಿತ್ತು. ಅದರ ಕೆಳಗೆ, "ಶುಕ್ರವಾರ ಸಂಜೆ: ಐರಿನ್. ಯಾರೂ ಇಲ್ಲ."

ಹಿಲ್ಡಾ ಟೀಚರ್ ಫೋನ್ ಮಾಡಿ, "ಇದು ಯಾವ ಐದನೇ ದನಿ ಮಾರಾಯ್ತಿ? ನಾನು ಕೇಳಿಯೇ ಇಲ್ಲ," ಎಂದರು. ಸ್ಪೀಕರ್ ಹಾಕಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಸೋಫಾದಿಂದ ವಲೇರಿಯನ್ ಹೇಳಿದರು:

"ಉಂಟು ಟೀಚರ್, ಅಂಥದ್ದೊಂದು ಉಂಟು. ಅದರ ಜೊತೆಗೆ ಯಾರೂ ಸೇರುವುದಿಲ್ಲ. ಆದರೆ ಮೂರನೇ ಮಾಳಿಗೆಯವರೆಗೆ ಕೇಳ್ತದೆ."